ಗೋಪುಕಾಕಾನ ದೀಪ ಇಳಿಸಿದ ದಿನ

ಸಾಂಗಲಿಯ ನಟೇಶ ನಾಟ್ಯಗೃಹದ ಕಾರ್ಯದರ್ಶಿ ಜಯವಂತರಾವ ಘಾಟೆಯವರಿಗೆ ಕರೆಂಟಿನ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ, ಅದರ ಬಿಲ್ಲು ಬರುತ್ತದೆ ಎಂಬುದು. ಆದರೂ ಆ ಭಾನುವಾರ ಮಧ್ಯಾಹ್ನ ಅವರು ಮೆಟ್ಟಿಲು ಹತ್ತಿ ದೀಪದ ಕೋಣೆಗೆ ಬಂದು, ಇಪ್ಪತ್ತಾರು ವರ್ಷ ಅಲ್ಲೇ ಕೂತು ಬೆಳಕು ಏರಿಸಿ ಇಳಿಸಿದ ಸುಲಭಾ ತಾಂಬಟಳಿಗೆ ಬೆಳಕಿನ ಪಾಠ ಹೇಳತೊಡಗಿದ್ದರು. ಸುಲಭಾಳ ಮೈ ಉರಿಯುತ್ತಿತ್ತು. ಉರಿಯದೆ ಇನ್ನೇನು ಮಾಡೀತು?

"ಖುರ್ಚಿ ಮ್ಯಾಲೆ ಹೊಸಾ ದೀಪಾನ ಬೀಳಬೇಕು, ಸುಲಭಾತಾಯಿ. ಕೊಟ್ಟ ಓಸವಾಲಶೇಟ್ರು ಮುಂದಿನ ಸಾಲಿನ್ಯಾಗ ಕುಂತಾರ."

"ಬೀಳಲಿ ಸಾಹೇಬ್ರ, ನಾ ಯಾಕ ಬ್ಯಾಡ ಅನ್ನಲಿ? ಆದ್ರ ಅವುಗಳ ಬೆಳಕು ಮೆಲ್ಲಕ ಇಳಿಯೂದಿಲ್ಲ. ಈ ಡಿಮ್ಮರ್ ಪೆಟ್ಟಿಗಿ ಮ್ಯಾಲೆ ಇಳಿಯೂದಿಲ್ಲ ಅಂತ ಎಷ್ಟು ಸಲ ಹೇಳ್ಲಿ?"

ಇಳಿಯಲೇಬೇಕಾದ ದಿನ ಅದು. ಆ ನಾಟ್ಯಗೃಹದಲ್ಲಿ ದುಡಿದವರು ಯಾರೇ ತೀರಿಕೊಳ್ಳಲಿ, ಮುಂದಿನ ಆಟದ ಎರಡನೇ ಘಂಟೆಯಾದ ಮೇಲೆ ರಂಗದ ನಡುವೆ ಒಂದು ಖಾಲಿ ಖುರ್ಚಿ ಇಡುತ್ತಾರೆ. ಸತ್ತವರ ಒಂದು ವಸ್ತು ಅದರ ಮೇಲಿರುತ್ತದೆ. ಅದರ ಮೇಲೆ ಬಿದ್ದ ಬೆಳಕನ್ನು ಮೂವತ್ತು ಎಣಿಸುವಷ್ಟು ಹೊತ್ತಿನಲ್ಲಿ, ಎಲ್ಲೂ ನಡುಗದೆ ಜಗ್ಗದೆ, ಕತ್ತಲೆಗೆ ಇಳಿಸಬೇಕು. ಬೆಳಕು ಜಗ್ಗಿದರೆ ಹೊರಟವರು ತಿರುಗಿ ನೋಡುತ್ತಾರೆ ಎಂಬುದು ನಾಟಕದವರ ನಂಬಿಕೆ. ಹೀಗೆ ನಲವತ್ಮೂರು ಮಂದಿಯ ದೀಪ ಇಳಿಸಿದವನು ದೀಪದ ಮೇಸ್ತ್ರಿ ಗೋಪುಕಾಕಾ ಸುತಾರ. ಹೆಂಗಸಿನ ಕೈಗೆ ಯಾರೂ ನಟ್ಟು ಬಿಗಿಯುವ ಪಾನಾ ಕೊಡದ ಕಾಲದಲ್ಲಿ ಸುಲಭಾಳಿಗೆ ಪಾನಾ ಕೊಟ್ಟು ಏಣಿ ಹತ್ತಿಸಿದವನೂ ಅವನೇ. ಈಗ ತೀರಿಕೊಂಡವನು ಅವನೇ, ಇವತ್ತು ಖುರ್ಚಿಯ ಮೇಲೆ ಅವನ ಬಿಳಿ ಟೊಪ್ಪಿಗೆ. ಅವನ ಹೆಂಡತಿ ಇಂದೂಕಾಕೂ ಮುಂದಿನ ಸಾಲಿನ ಕೊನೆಯಲ್ಲಿ ಕೂತಿದ್ದಳು.

"ಡಬ್ಬಿ ಮ್ಯಾಲೆ 'ಡಿಮ್ ಆಗ್ತಾವ' ಅಂತ ಬರ್ದದಲ್ಲ?" ಎಂದರು ಘಾಟೆ.

"ಆಗ್ತಾವ್ರಿ. ಅವಕ್ಕ ನೇರ ಕರೆಂಟ್ ಕೊಡಬೇಕು. ಎಷ್ಟು ಉರೀಬೇಕು ಅನ್ನೂದನ್ನ ಬ್ಯಾರೆ ಸಣ್ಣ ತಂತಿಲೆ ಹೇಳಬೇಕು. ಆ ತಂತಿ, ಅದರ ಬೋರ್ಡು ನೀವು ತರಿಸಲಿಲ್ಲ. ಡಬ್ಬಿ ಒಳಗ ಪುಸ್ತಕ ಇತ್ತು. ಮೊದಲನೇ ಪುಟದಾಗ ಬರ್ದಾರ, ಡಿಮ್ಮರಿಗೆ ಜೋಡಸಬ್ಯಾಡ್ರಿ ಅಂತ. ಓದಿರೇನು?"

ಓದುವವರಾಗಿದ್ದರೆ ಕಾರ್ಯದರ್ಶಿ ಯಾಕಾಗುತ್ತಿದ್ದರು! ಹಳೆಯ ಹ್ಯಾಲೋಜನ್ ದೀಪದ್ದು ಬೇರೆ ಕಥೆ. ಡಿಮ್ಮರ್ ಪೆಟ್ಟಿಗೆ ಕರೆಂಟನ್ನು ತುಂಡು ತುಂಡು ಮಾಡಿ ಕೊಡುತ್ತದೆ, ಆ ದೀಪದ ತಂತಿ ನಡುವೆ ತಣ್ಣಗಾಗುವಷ್ಟರಲ್ಲಿ ಮುಂದಿನ ತುಂಡು ಬಂದಿರುತ್ತದೆ. ಶೇಟ್ರು ಕೊಟ್ಟ ಹೊಸ ಎಲ್‌ಇಡಿ ದೀಪದ ಹೊಟ್ಟೆಯಲ್ಲಿ ಒಂದು ಸಣ್ಣ ಯಂತ್ರವಿದೆ, ಅದಕ್ಕೆ ಊಟ ಪೂರ್ತಿ ಬೇಕು. ಬಾಯಿಗೆ ಬಂದ ತುತ್ತನ್ನು ಸೆಕೆಂಡಿಗೆ ನೂರು ಸಲ ಕಸಿದುಕೊಂಡರೆ ಅದು ನಡುಗುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ಇದನ್ನೆಲ್ಲ ಸುಲಭಾ ನಾಟ್ಯಗೃಹದ ಆಡಳಿತ ಸಭೆಯಲ್ಲಿ ಹೇಳಿದ್ದಳು. ಸಭೆ ಆಗ ಖಾರದ ಚುರುಮುರಿ ಭಡಂಗ ತಿನ್ನುತ್ತಿತ್ತು.

ತನ್ನ ಮೇಲೂ ಅವಳಿಗೆ ಸಿಟ್ಟಿತ್ತು. ಹದಿನೈದು ದಿನದ ಹಿಂದೆ ದೀಪಗಳನ್ನು ಹಚ್ಚಿ ನೋಡುವಾಗ ಅವು ನಡುಗಿದವು. ಶೇಟ್ರ ಎದುರು ಮರ್ಯಾದೆ ಹೋಗಬಾರದೆಂದು ಅವಳು ಪರದೆಯ ಹಿಂದೆ ಒಂದು ಹಳೆಯ ಸಾವಿರ ವ್ಯಾಟಿನ ದೀಪವನ್ನು ಗೋಡೆಗೆ ಮುಖಮಾಡಿಸಿ ಅದೇ ಲೈನಿಗೆ ಸೇರಿಸಿದಳು. ಡಿಮ್ಮರಿಗೆ ಬೇಕಾದಷ್ಟು ಕರೆಂಟಿನ ಹೊರೆ ಸಿಕ್ಕಿ ನಡುಕ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. "ಇದು ಇವತ್ತಿನ ಮಟ್ಟಿಗೆ ಅಷ್ಟ" ಎಂದ ಅವಳ ಮಾತು ಆ ಚಪ್ಪಾಳೆಯಲ್ಲಿ ಮುಳುಗಿತು. ಮೂರನೇ ದಿನ ಒಂದು ಹೊಸ ದೀಪದ ಹೊಟ್ಟೆ ಸುಟ್ಟು ವಾಸನೆ ಬಂತು. ಗೋಡೆಗೆ ಮುಖಮಾಡಿದ್ದ ದೀಪವನ್ನು ಘಾಟೆ ಗುಜರಿಗೆ ಹಾಕಿಸಿದರು. ಮಾನ ಉಳಿಸಹೋಗಿ ಸುಳ್ಳಿಗೆ ಹೆಗಲು ಕೊಟ್ಟೆನಲ್ಲ ಎಂದು ಅವಳು ಅಂದಿನಿಂದ ಒಳಗೊಳಗೇ ಕುದಿಯುತ್ತಿದ್ದಳು.

"ಆವತ್ತು ಸರಿಯಾಗಿ ಇಳದಿದ್ವು. ಆಮ್ಯಾಲೆ ಸುಟ್ಟದ್ದು ಹೆಣ್ಮಕ್ಕಳ ಕೈಗುಣ" ಎಂದರು ಘಾಟೆ.

"ಸಾಹೇಬ್ರ, ಬಾಯಿ ಬಿಗಿ ಹಿಡೀರಿ. ನಾಲ್ಕನೇ ಹ್ಯಾಂಡಲ್ ಮ್ಯಾಲೆ ಕಾಕಾನ ಹಳೇ ದೀಪ ಅದ, ಅದರಲೆ ಇಳಸ್ತೀನಿ. ಶೇಟ್ರ ಹೆಸರು ಬೇಕಿದ್ರ ಮೈಕಿನ್ಯಾಗ ಹತ್ತು ಸಲ ಹೇಳ್ರಿ."

"ಪ್ರಶಾಂತ ಇಳಸ್ತಾನ. ನೀವು ಏಳ್ರಿ."

ವೈರಿಂಗ್ ಗುತ್ತಿಗೆಯ ಪ್ರಶಾಂತ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದ. ಸುಲಭಾ ಎದ್ದಳು. ಗುರುವಿನ ದೀಪ ಇಳಿಸುವ ಹೊತ್ತಿಗೆ ಶಿಷ್ಯೆಯನ್ನು ಖುರ್ಚಿಯಿಂದ ಎಬ್ಬಿಸುವ ಈ ಮನುಷ್ಯನ ನಾಲಿಗೆಯಲ್ಲಿ ಹುಳ ಬೀಳಲಿ ಎಂದು ಮನಸಾರೆ ಶಪಿಸಿ ಗೋಡೆಗೆ ಒರಗಿದಳು.

ಎರಡನೇ ಘಂಟೆಯಾಯಿತು. ಪರದೆ ಸರಿಯಿತು. ಖುರ್ಚಿ, ಟೊಪ್ಪಿಗೆ, ಮೇಲೆ ಹೊಸ ದೀಪದ ಹಾಲಿನಂಥ ಬೆಳಕು. ಎಂಟುನೂರು ಜನ ಎದ್ದು ನಿಂತರು. ಪ್ರಶಾಂತ ಹ್ಯಾಂಡಲನ್ನು ಕೆಳಗೆಳೆಯತೊಡಗಿದ.

ಹತ್ತು ಎಣಿಸುವವರೆಗೆ ಬೆಳಕು ಇಳಿಯಲೇ ಇಲ್ಲ. ಆಮೇಲೆ ಒಮ್ಮೆಲೇ ಅರ್ಧಕ್ಕೆ ಬಿತ್ತು. ಮತ್ತೆ ಮೇಲೆದ್ದಿತು. ಥರಥರ ನಡುಗಿತು. ಟೊಪ್ಪಿಗೆ ಖುರ್ಚಿಯ ಮೇಲೆ ಕುಣಿದಂತೆ ಕಾಣತೊಡಗಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಇನ್ಯಾರೋ "ಗಣಪತಿ ಮೆರವಣಿಗಿ ಹೊಂಟದ ನೋಡ್ರಿ" ಎಂದರು. ನಗು ಸಾಲಿನಿಂದ ಸಾಲಿಗೆ ಹರಿಯಿತು. ಹ್ಯಾಂಡಲ್ ತಳ ಮುಟ್ಟಿತು. ದೀಪಗಳು ಆರಲಿಲ್ಲ, ಪಿಳಿಪಿಳಿ ಎನ್ನುತ್ತಲೇ ಇದ್ದವು.

ಇಂದೂಕಾಕೂ ದೀಪದ ಕೋಣೆಯತ್ತ ತಿರುಗಿದಳು. ಎಪ್ಪತ್ತೆಂಟರ ಮುದುಕಿಯ ದನಿ ಇಡೀ ಸಭಾಗೃಹಕ್ಕೆ ಕೇಳಿಸಿತು.

"ಸುಲಭೇ! ಅಲ್ಲೆ ಕುಂತವರು ಯಾರ? ಅದು ನಿನ್ನ ಕೈ ಅಲ್ಲ!"

ನಗು ತಟ್ಟನೆ ನಿಂತಿತು. ಪ್ರಶಾಂತ ಬೆಂಕಿ ತಾಗಿದವನಂತೆ ಎದ್ದ. "ನೀವ ಬರ್ರಿ, ತಾಯಿ. ನನ್ನಿಂದ ಪಾಪ ಆತು."

ಘಾಟೆ ತೋಳು ಅಡ್ಡ ಹಿಡಿದರು. ಸುಲಭಾ ಅದನ್ನು ಸರಿಸಿ ಮುಂದೆ ಹೋದಳು. ಮೊದಲು ಹೊಸ ದೀಪಗಳ ಲೈನಿನ ಸ್ವಿಚ್ಚನ್ನೇ ಕೆಳಗೆಳೆದಳು, ಅವು ಸತ್ತವು. ನಾಲ್ಕನೇ ಹ್ಯಾಂಡಲ್ ಮೇಲೆತ್ತಿದಳು. ಗೋಪುಕಾಕಾ ತನ್ನ ಕೈಯಾರೆ ನೇತುಹಾಕಿದ್ದ ದೀಪದ ಹಳದಿ ಬೆಳಕು ಟೊಪ್ಪಿಗೆಯ ಮೇಲೆ ಮೆಲ್ಲಗೆ ಬಂದು ಕೂತಿತು. ಅವಳು ಎಣಿಸತೊಡಗಿದಳು. ಇಪ್ಪತ್ತಕ್ಕೆ ಬೆಳಕು ಜೇನುಬಣ್ಣಕ್ಕೆ ತಿರುಗಿತು, ಇಪ್ಪತ್ತೆಂಟಕ್ಕೆ ಕೆಂಪಾಯಿತು. ಮೂವತ್ತಕ್ಕೆ ಕತ್ತಲೆ. ಎಲ್ಲೂ ಜಗ್ಗಲಿಲ್ಲ. ಕತ್ತಲೆಯಲ್ಲಿ ಕಾಕೂ ಜೋರಾಗಿ ಅತ್ತಳು. ಅಳಬೇಕಾದ ರೀತಿಯಲ್ಲಿ ಅತ್ತಳು. ಸುಲಭಾಳ ಕಣ್ಣಿಂದಲೂ ನೀರು ಇಳಿಯುತ್ತಿತ್ತು.

ಅಷ್ಟರಲ್ಲಿ ಪಕ್ಕದಲ್ಲೇ ಮೈಕು ಕಟಕಟ ಎಂದಿತು. ಘಾಟೆ ಗಂಟಲು ಸರಿಮಾಡಿಕೊಂಡರು.

"ಸಣ್ಣ ಅಡಚಣಿ ಬಂದಿತ್ತು, ಕ್ಷಮಾ ಮಾಡ್ರಿ. ನಮ್ಮ ಗೋಪುಕಾಕಾಗ ಈಗ ವಿದಾಯ ಕೊಟ್ಟದ್ದು ಓಸವಾಲಶೇಟ್ರ ಹೊಸಾ ದೀಪ..."

ಸುಲಭಾ ಮೈಕು ಕಸಿದುಕೊಂಡಳು.

"ಸುಳ್ಳು. ಈಗ ಇಳದದ್ದು ಕಾಕಾ ಹಚ್ಚಿದ ಹಳೇ ದೀಪ. ಕುಣದದ್ದು ಹೊಸಾವು. ಶೇಟ್ರ, ನಿಮ್ಮ ದೀಪದಾಗ ದೋಷ ಇಲ್ರಿ, ಚಲೋ ದೀಪ ಕೊಟ್ಟೀರಿ. ಅವನ್ನ ಡಿಮ್ಮರಿಗೆ ಜೋಡಿಸಿ ಒಂದನ್ನ ಆಗಲೇ ಸುಟ್ಟಾರ, ಉಳಿದಾವನ್ನೂ ಸುಡ್ತಾರ. ಮೊದಲನೇ ದಿನ ಅವು ನಡುಗೂದನ್ನ ಮುಚ್ಚಿಟ್ಟಾಕಿ ನಾನು, ಆ ತಪ್ಪು ನಂದು. ಇವತ್ತಿಂದು ನಂದಲ್ಲ."

ಘಾಟೆ ಹಲ್ಲು ಕಡಿದು ಪಿಸುಗುಟ್ಟಿದರು.

"ನಾಳಿಂದ ಈ ಕೋಣಿ ಮೆಟ್ಟಲಾ ಹತ್ತಬ್ಯಾಡ್ರಿ."

"ಹತ್ತಾಂಗಿಲ್ಲ" ಎಂದಳು ಸುಲಭಾ, ಖುರ್ಚಿಯನ್ನು ಬೋರ್ಡಿನ ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಇವತ್ತಿಂದು ಮೂರು ಅಂಕ ಬಾಕಿ ಅದಾವ. ನೀವು ಕೆಳಗಿಳೀರಿ. ಕಾಕೂನ ಮುಂದ ಹೋಗಿ ನಿಂದರ್ರಿ, ಆಕಿ ಏನಂತಾಳ ಕೇಳ್ರಿ."