ಮೇಸ್ತ್ರಿಯ ಕಿವಿ ದಾಟಿದ ವಾಲ್ವ್

ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ನಲವತ್ತು ವರ್ಷ ಬರೀ ಸದ್ದು ಕೇಳಿ ಎಂಜಿನ್ನಿನ ರೋಗ ಹೇಳಿದವನು. ಗಾಡಿ ಗೇಟು ದಾಟುವಷ್ಟರಲ್ಲಿ "ಮೂರನೇ ಸಿಲಿಂಡರ್ ಮಲಗಿದೆ" ಎಂದುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಅದು ಮಲಗಿಯೇ ಇರುತ್ತಿತ್ತು. ಗೇಟಿನ ಎಡಕ್ಕೆ, ಹಳೆ ಟೈರುಗಳ ರಾಶಿಯ ಪಕ್ಕ, ಅವನಿಗೆಂದೇ ಒಂದು ಕಬ್ಬಿಣದ ಸ್ಟೂಲು. ಬೇರೆ ಯಾರೂ ಅದರ ಮೇಲೆ ಕೂರುವಂತಿರಲಿಲ್ಲ. ಒಮ್ಮೆ ಪೇಂಟಿಂಗಿನವನು ಗೊತ್ತಿಲ್ಲದೆ ಕೂತು ತಿಂದ ಬೈಗುಳಕ್ಕೆ ಎರಡು ದಿನ ಕೆಲಸಕ್ಕೇ ಬರಲಿಲ್ಲ.

ಆ ಕಿವಿ ಸತ್ತು ಮೂರು ವರ್ಷವಾಗಿತ್ತು. ಇದು ಮೇಸ್ತ್ರಿಯೊಬ್ಬನಿಗೇ ಗೊತ್ತಿತ್ತು.

ಮೊದಲು ಎಡಗಡೆಯದು ಹೋಯಿತು, ಆಮೇಲೆ ಬಲಗಡೆಯದು. ಆದರೆ ಮೇಸ್ತ್ರಿ ಸಾಮಾನ್ಯನಲ್ಲ. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರೆ ಸದ್ದು ಹಲ್ಲಿನಿಂದ ತಲೆಬುರುಡೆಗೆ ಹತ್ತುತ್ತದೆ ಎಂದು ಕಂಡುಕೊಂಡ. ನೋಡಿದವರು ಇದೇನೋ ಮೇಸ್ತ್ರಿಯ ಹೊಸ ವಿದ್ಯೆ ಎಂದುಕೊಂಡರು. ಕೆಲಸಗಾರರೂ ಕಚ್ಚಲು ಶುರುಮಾಡಿದರು. ಒಬ್ಬನ ಮುಂದಿನ ಹಲ್ಲು ಮುರಿಯಿತು. ಇನ್ನು ಮಾತು. ಗ್ಯಾರೇಜಿನ ಗದ್ದಲದಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು, ಎದುರಿಗಿದ್ದವರ ತುಟಿ ನೋಡಿದರೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಹಿಂದಿನಿಂದ ಕರೆದಾಗ ತಿರುಗದಿದ್ದರೆ ಜನ ಅದನ್ನು ಗತ್ತು ಎಂದರು. ದೊಡ್ಡವರ ಕುಂದೆಲ್ಲ ಗತ್ತಿನ ಲೆಕ್ಕಕ್ಕೇ ಹೋಗುತ್ತದಲ್ಲ!

ಗ್ಯಾರೇಜಿನ ಮಾಲೀಕ ಒಂದು ಕಾಲಕ್ಕೆ ಇವನ ಕೈಕೆಳಗೇ ಕಲಿತವನು. ಪಕ್ಕದ ಬೀದಿಯ ಗ್ಯಾರೇಜುಗಳಲ್ಲೆಲ್ಲ ರೋಗ ಪತ್ತೆಮಾಡುವ ಮಿಷನ್ ಬಂದರೂ ಅವನು ತಂದಿರಲಿಲ್ಲ. "ನಿಮ್ಮ ಕಿವಿ ಇರೋ ತನಕ ನಂಗೆ ಮಿಷನ್ ಯಾಕೆ ಗುರುಗಳೇ? ಅದು ಹೋದ ದಿನ ನೋಡೋಣ" ಎಂದು ನಗುತ್ತಿದ್ದ. ಮೇಸ್ತ್ರಿಯೂ ನಗುತ್ತಿದ್ದ. ಅದು ಹೋದ ದಿನ ಸ್ಟೂಲೂ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಗ್ಯಾರೇಜಿಗೆ ಕಲಿಯಲು ಬಂದವರಿಗೆ ಮೇಸ್ತ್ರಿ ಒಂದು ಪರೀಕ್ಷೆ ಇಟ್ಟಿದ್ದ. ಎಂಜಿನ್ನಿನ ತಲೆಯ ಮೇಲೆ ಹೆಬ್ಬೆರಳಷ್ಟು ದೊಡ್ಡ ಬ್ರೀದರ್ ವಾಲ್ವ್ ಒಂದಿರುತ್ತದೆ. ಎಂಜಿನ್ನಿನ ಹೊಟ್ಟೆಯಲ್ಲಿ ಸೇರುವ ಕೆಟ್ಟ ಗಾಳಿ ಅದರ ಮೂಲಕವೇ ಹೊರಗೆ ಹೋಗಬೇಕು. ವಾಲ್ವ್ ಚೆನ್ನಾಗಿದ್ದರೆ, ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಒಳಗಿನ ತುಣುಕು ಟಿಕ್ ಟಿಕ್ ಎನ್ನುತ್ತದೆ. ಜಿಡ್ಡು ಕಟ್ಟಿ ಅಂಟಿಕೊಂಡಿದ್ದರೆ ಸದ್ದಿಲ್ಲ. ಆಗ ಎಂಜಿನ್ನಿಗೆ ಹೊಟ್ಟೆಯುಬ್ಬರ ಬಂದು ಸಿಕ್ಕಸಿಕ್ಕ ಸಂದಿಯಲ್ಲಿ ಎಣ್ಣೆ ಕಾರುತ್ತದೆ. ಮೇಸ್ತ್ರಿ ಮುಷ್ಟಿ ಮುಚ್ಚಿ ಹೊಸಬರ ಕಿವಿಯ ಹತ್ತಿರ ಅಲ್ಲಾಡಿಸಿ "ಹೇಳು, ಒಳ್ಳೇದೋ ಕೆಟ್ಟಿದ್ದೋ?" ಎಂದು ಗದರುತ್ತಿದ್ದ. ಹೊಸಬರು ಹೆದರಿ ಒಳ್ಳೆಯದು ಎನ್ನುತ್ತಿದ್ದರು, ಇಲ್ಲವೇ ಕೆಟ್ಟದ್ದು ಎನ್ನುತ್ತಿದ್ದರು. ಮುಷ್ಟಿ ಬಿಚ್ಚಿದರೆ ಒಳಗೆ ಏನೂ ಇರುತ್ತಿರಲಿಲ್ಲ. ಗ್ಯಾರೇಜಿಗೆ ಗ್ಯಾರೇಜೇ ನಗುತ್ತಿತ್ತು, ಮೇಸ್ತ್ರಿ ಅವರ ಕಿವಿ ಹಿಂಡುತ್ತಿದ್ದ.

ಸ್ವಂತ ಮಗಳಿಗೂ ಇದನ್ನೇ ಮಾಡಿದ. ಅವಳಿಗಾಗ ಹದಿನೇಳು. ಅಪ್ಪನ ಕೆಲಸ ಕಲಿಯಬೇಕೆಂದು ಕೂದಲು ಎತ್ತಿ ಕಟ್ಟಿಕೊಂಡು ಆಸೆಯಿಂದ ಬಂದಿದ್ದಳು. ಕಿವಿಯ ಹತ್ತಿರ ಮುಷ್ಟಿ ಅಲ್ಲಾಡಿದಾಗ ಅಪ್ಪನ ಮುಖ ನೋಡಿ "ಒಳ್ಳೇದು ಅಪ್ಪಾ" ಅಂದಳು. ಹನ್ನೊಂದು ಜನ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಅವಳ ಹೆಸರೇ 'ಖಾಲಿ' ಆಯಿತು. ಅವಳು ಪಕ್ಕದ ಬೀದಿಯ ಸೀಟ್ ಕವರ್ ಅಂಗಡಿ ಸೇರಿ ಇಪ್ಪತ್ತು ವರ್ಷ ರೆಕ್ಸಿನ್ ಹೊಲಿದಳು. ಈಗಲೂ ಗೇಟಿನಲ್ಲಿ ಕಂಡರೆ ಯಾರೋ ಒಬ್ಬರು "ಖಾಲಿ ಬಂದ್ಲು" ಎನ್ನುತ್ತಿದ್ದರು.

ಎಂಟು ತಿಂಗಳ ಹಿಂದೆ ಮೇಸ್ತ್ರಿಯ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ರಜೆಯ ದಿನ, ಮೇಸ್ತ್ರಿ ಹೊರಗೆ ಜಗುಲಿಯ ಮೇಲೆ ಪೇಪರ್ ಓದುತ್ತಾ ಕೂತಿದ್ದ. ಅವಳು ಕೂಗಿದಳು, ಅತ್ತಳು, ಚೊಂಬಿನಿಂದ ಬಾಗಿಲಿಗೆ ಬಡಿದಳು. ಒಂದೂಕಾಲು ಗಂಟೆಯ ಮೇಲೆ ಮಗಳು ಬಂದು ನೋಡಿದಾಗ ಅವಳ ಗಂಟಲು ಬಿದ್ದುಹೋಗಿತ್ತು, ಚೊಂಬು ನೆಗ್ಗಿತ್ತು. ಜಗುಲಿಯಿಂದ ಬಚ್ಚಲಿಗೆ ಹನ್ನೆರಡು ಹೆಜ್ಜೆ. ಮಗಳು ಆಮೇಲೆ ನಡೆದು ಎಣಿಸಿದ್ದಳು.

ಆಸ್ಪತ್ರೆಯ ಹಾಸಿಗೆಯಲ್ಲಿ ಹೆಂಡತಿ ಕೇಳಿದ್ದು ಒಂದೇ ಮಾತು. "ನಾನು ಕೂಗಿದ್ದು ಕೇಳಿಸ್ಲಿಲ್ವಾ ನಿಮಗೆ?"

ಅವಳ ತುಟಿ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹೆಂಡತಿಯ ಕಾಲಬಳಿ ಮಗಳು, ಬಾಗಿಲಲ್ಲಿ ಹಣ್ಣಿನ ಚೀಲ ಹಿಡಿದ ಮಾಲೀಕ. ಇಲ್ಲ ಎಂದರೆ ಮುಗಿಯಿತು. ಒಂದು ಕಾಲಕ್ಕೆ ಸೋರುವ ನಲ್ಲಿಯ ಸದ್ದಿಗೂ ಏಳುತ್ತಿದ್ದ ಗಂಡನಿಗೆ ಹನ್ನೆರಡು ಹೆಜ್ಜೆಯಾಚೆಯ ಕೂಗು ಯಾಕೆ ಕೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ, ಅದರ ಹಿಂದೆಯೇ ಸ್ಟೂಲು ಹೋಗುತ್ತದೆ. ಮೇಸ್ತ್ರಿ ಒಂದು ಕ್ಷಣ ಯೋಚಿಸಿದ, ಒಂದೇ ಕ್ಷಣ.

"ಕೇಳಿಸ್ತು" ಅಂದ. "ಪೇಪರ್ ಮುಗಿಸಿ ಬರೋಣ ಅಂದ್ಕೊಂಡೆ. ನೀನು ದಿನಾ ಏನಾದ್ರೂ ಒಂದಕ್ಕೆ ಕೂಗ್ತಾನೇ ಇರ್ತೀಯಲ್ಲ."

ಕಿವುಡ ಎನಿಸಿಕೊಳ್ಳುವುದಕ್ಕಿಂತ ಕಟುಕ ಎನಿಸಿಕೊಳ್ಳುವುದು ಅವನಿಗೆ ಸಲೀಸಾಗಿತ್ತು. ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿದಳು. ಅವತ್ತಿನಿಂದ ಅವನ ಜೊತೆ ಒಂದು ಮಾತೂ ಆಡಲಿಲ್ಲ. ಹಾಳಾಗಿ ಹೋಗಲಿ, ತುಟಿ ನೋಡುವ ಕಷ್ಟ ಅಷ್ಟಾದರೂ ಕಡಿಮೆಯಾಯಿತು ಎಂದು ಮೇಸ್ತ್ರಿ ಸಮಾಧಾನ ಮಾಡಿಕೊಂಡ.

ಈ ಶನಿವಾರ ಬೆಳಿಗ್ಗೆ ಮಗಳು ಮನೆಯ ಹಳೆ ಕಾರನ್ನು ಗ್ಯಾರೇಜಿನ ಅಂಗಳಕ್ಕೆ ತಂದು ನಿಲ್ಲಿಸಿದಳು. ಹಿಂದಿನ ಸೀಟಿನಲ್ಲಿ ಅವಳ ಅಮ್ಮ, ಮಡಿಲಲ್ಲಿ ನಾಲ್ಕು ಕಾಲಿನ ಕೋಲು. ಸೊಂಟ ತೋರಿಸಲು ಆಸ್ಪತ್ರೆಗೆ ಹೊರಟಿದ್ದರು. ಕಾರು ಹಿಂದಿನಿಂದ ನೀಲಿ ಹೊಗೆ ಬಿಡುತ್ತಿತ್ತು, ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಊರ ಗಾಡಿಗೆಲ್ಲ ಔಷಧಿ ಹೇಳುವವನ ಮನೆಯ ಗಾಡಿಯ ಗತಿ ಇದು.

"ಬ್ರೀದರ್ ವಾಲ್ವ್ ಹೋಗಿದೆ" ಎಂದಳು ಮಗಳು. "ಹೊಸದು ತಂದಿದೀನಿ. ನಾನೇ ಹಾಕ್ತೀನಿ."

"ಖಾಲಿ ಮೆಕ್ಯಾನಿಕ್ ಆದ್ಲಪ್ಪಾ!" ಎಂದು ಒಬ್ಬ ಕೂಗಿದ. ಕೆಲಸಗಾರರು ಎಂಜಿನ್ನುಗಳನ್ನು ಆರಿಸಿ, ಕೈ ಒರೆಸಿಕೊಳ್ಳುತ್ತಾ ಸುತ್ತ ನಿಂತರು. ಬಿಟ್ಟಿ ತಮಾಷೆ ಯಾರಿಗೆ ಬೇಡ? ಮಾಲೀಕನೂ ಟೀ ಲೋಟ ಹಿಡಿದು ಬಂದ. ಮೇಸ್ತ್ರಿ ಸ್ಟೂಲಿನಿಂದ ಎದ್ದು ಬಾನೆಟ್ಟಿನ ಪಕ್ಕ ನಿಂತ, ಎಲ್ಲರ ತುಟಿ ಕಾಣುವ ಹಾಗೆ.

ಮಗಳು ಇಕ್ಕಳದಿಂದ ಕ್ಲಿಪ್ಪನ್ನು ಒತ್ತಿ ಹಿಂದೆ ಸರಿಸಿದಳು. ರಬ್ಬರ್ ಪೈಪನ್ನು ಎಳೆಯಲಿಲ್ಲ; ಮೊದಲು ತಿರುಚಿ ಸಡಿಲ ಮಾಡಿ ಆಮೇಲೆ ತೆಗೆದಳು. ಹಳೆ ವಾಲ್ವ್ ಕಿತ್ತುಬಂತು. ಅದು ಕೂತಿದ್ದ ರಬ್ಬರ್ ಬುಶ್ಶು ಬಿಸಿಗೆ ಬೆಂದು ಬಿಸ್ಕತ್ತಿನಂತೆ ಗಟ್ಟಿಯಾಗಿತ್ತು. ಒಂದು ಚೂರೂ ಎಂಜಿನ್ನಿನೊಳಗೆ ಬೀಳದಂತೆ ಸುತ್ತ ಬಟ್ಟೆ ತುರುಕಿ, ತುಂಡುತುಂಡಾಗಿ ಎತ್ತಿದಳು. ಹೊಸ ಬುಶ್ಶಿನ ಅಂಚಿಗೆ ಬೆರಳಲ್ಲಿ ಎಣ್ಣೆ ಸವರಿ ಕೂರಿಸಿದಳು. ಯಾರಿಂದ ಕಲಿತಳೋ, ಕೈ ಎಲ್ಲೂ ತಡವರಿಸಲಿಲ್ಲ. ಇವಳನ್ನು ಅವತ್ತು ಇಟ್ಟುಕೊಂಡಿದ್ದರೆ ಎಂಬ ಯೋಚನೆ ಮೇಸ್ತ್ರಿಗೆ ಬಂತು. ಬಂದದ್ದನ್ನು ಅಲ್ಲೇ ಅದುಮಿದ.

"ತಾ ಇಲ್ಲಿ" ಎಂದು ಹೊಸ ವಾಲ್ವಿಗಾಗಿ ಕೈ ಚಾಚಿದ. "ನನ್ನ ಕಿವಿ ದಾಟದೆ ಯಾವ ಪಾರ್ಟೂ ಗಾಡಿಗೆ ಹೋಗಲ್ಲ."

ಅದು ಗ್ಯಾರೇಜಿನ ಕಾನೂನು. ಕೈಗೆ ಬಂದರೆ ಅವನಿಗೆ ಭಯವಿರಲಿಲ್ಲ. ಒಳಗಿನ ತುಣುಕು ಬಡಿಯುವುದು ಬೆರಳಿಗೆ ತಿಳಿಯುತ್ತದೆ. ಮೂರು ವರ್ಷದಿಂದ ಅವನ ಬೆರಳೇ ಅವನ ಕಿವಿ.

ಮಗಳು ಬೆನ್ನು ತಿರುಗಿಸಿ ಡಬ್ಬಿಯಲ್ಲಿ ಏನನ್ನೋ ಹುಡುಕಿದಳು. ಮತ್ತೆ ತಿರುಗಿದಾಗ ಒಂದು ವಾಲ್ವನ್ನು ತನ್ನ ಏಪ್ರನ್ನಿನ ಜೇಬಿಗೆ ಜಾರಿಸಿದ್ದು ಮೇಸ್ತ್ರಿಯ ಓರೆಗಣ್ಣಿಗೆ ಬಿತ್ತು. ಆಮೇಲೆ ಬಲಗೈಯ ಮುಷ್ಟಿ ಮುಚ್ಚಿ ಅವನ ಮುಂದೆ ಹಿಡಿದಳು.

"ಕೊಡಲ್ಲ. ಮುಟ್ಟೋದು ಬೇಡ ಅಪ್ಪ, ಕೇಳಿದ್ರೆ ಸಾಕು. ಒಳ್ಳೇದೋ ಕೆಟ್ಟಿದ್ದೋ, ಹೇಳಿ."

ಅವನ ಕಿವಿಯ ಹತ್ತಿರ ಮುಷ್ಟಿ ತಂದು ಅಲ್ಲಾಡಿಸಿದಳು. ಮೂರು ಸಲ, ನಿಧಾನವಾಗಿ.

ಮೇಸ್ತ್ರಿಗೆ ಕೇಳಿಸಿದ್ದು ಮೂರು ವರ್ಷದಿಂದ ಕೇಳುತ್ತಿದ್ದ ಅದೇ ಹತ್ತಿ ತುಂಬಿದ ಮೌನ. ಆದರೆ ತಲೆ ಓಡಿತು. ಜೇಬಿಗೆ ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಇಪ್ಪತ್ತು ವರ್ಷದ ಹಳೆ ಸೇಡು. ನನ್ನ ಬಾಣ ನನಗೇ ತಿರುಗಿಸಲು ಬಂದಿದ್ದಾಳೆ. ಅಪ್ಪನ ಮುಂದೆ ಮಗಳು ಎಷ್ಟು ಆಟ ಆಡಿಯಾಳು? ಅವನ ಮುಖ ಅರಳಿತು.

"ಖಾಲಿ!" ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗಿ ತೊಡೆ ತಟ್ಟಿಕೊಂಡು ನಕ್ಕ. "ಖಾಲಿ ಕೈ ತಂದಿದೀಯ ಖಾಲಿ! ಈ ಕಿವಿಗೆ ಹೂವಿಡಕ್ಕೆ ಬಂದಿದೀಯಾ? ಇನ್ನೂ ಇಪ್ಪತ್ತು ವರ್ಷ ಬೇಕು ಕಣೇ ನಿಂಗೆ!"

ಅವನೊಬ್ಬನೇ ನಗುತ್ತಿದ್ದ. ಇದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೆಲಸಗಾರರಲ್ಲಿ ಒಬ್ಬ ನೆಲ ನೋಡುತ್ತಿದ್ದ. ಹಲ್ಲು ಮುರಿದುಕೊಂಡವನ ಕೈ ತಾನಾಗಿಯೇ ಬಾಯಿಗೆ ಹೋಗಿತ್ತು. ಮಾಲೀಕನ ಟೀ ಲೋಟ ತುಟಿಯ ಹತ್ತಿರ ಹಾಗೇ ನಿಂತಿತ್ತು.

ಮಗಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಹೊಸ ವಾಲ್ವು ಹೊಳೆಯುತ್ತಿತ್ತು. ಜೇಬಿಗೆ ಹೋದದ್ದು ಹಳೆಯದು. ಟಿಕ್ ಟಿಕ್ ಟಿಕ್ ಎಂಬ ಸದ್ದು ಗೇಟಿನ ಹತ್ತಿರ ನಿಂತಿದ್ದವರಿಗೂ ಕೇಳಿಸಿತ್ತು.

ಅವಳು ಅವನ ಎದುರಿಗೆ ಬಂದು, ತುಟಿ ಕಾಣುವಂತೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಹೋದ ತಿಂಗಳು ಮನೆ ಜಗುಲೀಲಿ ನಿಮ್ಮ ಕುರ್ಚಿ ಹಿಂದೆ ನನ್ನ ಕತ್ತರಿ ಬಿತ್ತು. ಕಲ್ಲಿನ ಮೇಲೆ. ಬೀದಿ ನಾಯಿ ಬೊಗಳ್ತು, ನೀವು ತಿರುಗ್ಲಿಲ್ಲ. ಇದು ಜಾಣ ಕಿವುಡೋ ನಿಜವಾದ ಕಿವುಡೋ ಅಂತ ತಿಳೀಬೇಕಿತ್ತು. ಮನೇಲಿ ಕೇಳಿದ್ರೆ ನೀವು ಒಪ್ತಿದ್ರಾ?"

ಮೇಸ್ತ್ರಿ ಅಂಗೈಯಲ್ಲಿದ್ದ ವಾಲ್ವ್ ನೋಡಿದ, ಮತ್ತೆ ಅವಳ ತುಟಿ ನೋಡಿದ.

"ಹಾಗಾದ್ರೆ ಅವತ್ತು ಅಮ್ಮ ಕೂಗಿದ್ದು ನಿಮಗೆ ಕೇಳಿಸ್ಲೇ ಇಲ್ಲ. ಅಲ್ವಾ ಅಪ್ಪ?"

ಇಷ್ಟು ಹೊತ್ತಿಗೆ ಸ್ಟೂಲು ಹೋಗಿ ಆಗಿತ್ತು. ಮಾಲೀಕನ ಮುಖದಲ್ಲಿ ಕನಿಕರ ಬಂದಿತ್ತು, ಬೈಗುಳಕ್ಕಿಂತ ಕೆಟ್ಟ ಕನಿಕರ. ಇನ್ನು ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಹೌದು, ಕೇಳಿಸಲಿಲ್ಲ ಎಂದರೆ ಎಂಟು ತಿಂಗಳ ಮೇಲೆ ಮನೆಯಲ್ಲಿ ಒಂದು ಮಾತಾದರೂ ಹುಟ್ಟುತ್ತಿತ್ತು. ಮೇಸ್ತ್ರಿ ಬಾಯಿ ತೆರೆದ. ಒಂದು ಸಲ ಹೆಂಡತಿಯ ಕಡೆ ನೋಡಿದ.

ಕಾರಿನ ಕಿಟಕಿ ಇಳಿದಿತ್ತು. ಅವಳು ತಲೆ ತಗ್ಗಿಸಿ, ಕೋಲಿನ ಹಿಡಿಗೆ ಬಾಯಿ ಒತ್ತಿಕೊಂಡು ಕೂತಿದ್ದಳು. ಹಾಗೆ ಕೂತೇ ಮಾತಾಡಿದಳು. ಎಂಟು ತಿಂಗಳಲ್ಲಿ ಗಂಡನಿಗೆ ಆಡಿದ ಮೊದಲನೆಯ ಮಾತು. ಅವಳ ತುಟಿ ಮೇಸ್ತ್ರಿಗೆ ಕಾಣಲಿಲ್ಲ.

"ಕೇಳಿಸ್ಲಿಲ್ಲ ಅಂದಿದ್ರೆ ನಾನೇ ನಿಮ್ಮ ಕಿವಿ ಆಗಿರ್ತಿದ್ದೆ" ಎಂದಳು ಅವಳು. "ಕೇಳಿಸ್ಕೊಂಡೂ ಬರಲಿಲ್ಲ ಅಂತ ನಂಬಿಸಿದ್ರಿ. ರಾತ್ರಿಯೆಲ್ಲ ಅದನ್ನೇ ನೆನೆಸ್ಕೊಂಡು ಅತ್ತಿದೀನಿ, ಪಕ್ಕದಲ್ಲೇ ಮಲಗಿದ್ರಿ. ಇನ್ನು ಮನೆಗೆ ಬರಬೇಡಿ ಅಂತ ಹೇಳ್ತಿದೀನಿ. ಇದಾದ್ರೂ ಕೇಳಿಸ್ತಾ?"

ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು. ಯಾರೋ ಗಂಟಲು ಸರಿಮಾಡಿಕೊಂಡರು. ಎಲ್ಲರ ಕಣ್ಣೂ ಮೇಸ್ತ್ರಿಯ ಮೇಲೆ ಬಂದು ನಿಂತದ್ದನ್ನು ನೋಡಿ, ಹೆಂಡತಿ ಏನೋ ಹೇಳಿರಬೇಕು ಎಂದು ಅವನಿಗೆ ತಿಳಿಯಿತು. ಏನು ಹೇಳಿದಳು ಎಂದು ಕೇಳಿದ್ದರೆ ಆಗುತ್ತಿತ್ತು. ಕೇಳುವ ಅಭ್ಯಾಸ ಅವನಿಗೆ ಇರಲಿಲ್ಲ.

"ಅಮ್ಮ ಹೇಳಿದ್ದು ಕೇಳಿಸ್ತಾ?" ಎಂದಳು ಮಗಳು. ಈ ಸಲ ತುಟಿ ಕಂಡಿತು.

ಮೇಸ್ತ್ರಿ ಕತ್ತು ನೆಟ್ಟಗೆ ಮಾಡಿಕೊಂಡ.

"ಕೇಳಿಸ್ತು" ಅಂದ. "ಆಯ್ತು ಬಿಡು, ಅವಳಿಷ್ಟ."

ಅಮ್ಮ ಏನೆಂದಳೆಂದು ಹೇಳಿಬಿಡೋಣ ಎಂದು ಮಗಳಿಗೆ ಒಂದು ಗಳಿಗೆ ಅನಿಸಿರಬಹುದು. ಹೇಳಲಿಲ್ಲ. ವಾಲ್ವನ್ನು ಬುಶ್ಶಿನೊಳಗೆ ಒತ್ತಿ, ಪೈಪು ಸಿಕ್ಕಿಸಿ, ಕ್ಲಿಪ್ಪನ್ನು ಮುಂದೆ ಸರಿಸಿದಳು. ಗಾಡಿ ಸ್ಟಾರ್ಟ್ ಮಾಡಿ ಬಂದು, ವಾಲ್ವನ್ನು ಪೈಪಿನ ಸಮೇತ ಒಂದು ಸಲ ಬುಶ್ಶಿನಿಂದ ಎತ್ತಿ ಅದರ ಬಾಯಿಗೆ ಬೆರಳಿಟ್ಟಳು. ಗಾಳಿ ಬೆರಳನ್ನು ಒಳಗೆಳೆಯಿತು. ಕೆಲಸ ಸರಿಯಾಗಿತ್ತು. ವಾಲ್ವನ್ನು ಮತ್ತೆ ಒತ್ತಿ ಕೂರಿಸಿ ಬಾನೆಟ್ ಮುಚ್ಚಿದಳು.

ಕಾರು ಗೇಟು ದಾಟಿತು. ಹೊಗೆ ಆಗಲೇ ತೆಳುವಾಗಿತ್ತು. ಸಂಜೆ ಮನೆಗೆ ಹೋದಾಗ ಏನು ಹೇಳುವುದು ಎಂದು ಯೋಚಿಸುತ್ತಾ ಮೇಸ್ತ್ರಿ ತನ್ನ ಜಾಗಕ್ಕೆ ಮರಳಿದ. ಸ್ಟೂಲಿನ ಮೇಲೆ ಪೇಂಟಿಂಗಿನವನು ಕೂತು ಟೀ ಕುಡಿಯುತ್ತಿದ್ದ. ಅವನು ಏಳಲಿಲ್ಲ.