ಸಹಿಯ ಕೆಳಗಿನ ಗೆರೆ

ಪೊಲೀಸ್ ಪತ್ರ ಯಾವಾಗ ಸಿಗುತ್ತದೆ ಎಂದು ಯಾರೇ ಕೇಳಲಿ, ಕಿಟಕಿಯ ಆಚೆ ಕೂತ ಗುಮಾಸ್ತನ ಬಾಯಿಂದ ಬರುತ್ತಿದ್ದುದು ಒಂದೇ ಮಾತು, ನಾಳೆ ಬನ್ನಿ. ಸಾಲಿನಲ್ಲಿ ನಿಂತು ನಿಂತು ಕಾಲು ಸೋತವರು ಅವನಿಗೆ ನಾಳೆರಾಯ ಎಂದು ಹೆಸರಿಟ್ಟಿದ್ದರು. ಅದು ಅವನಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಹೆಸರಿಟ್ಟವರೂ ನಾಳೆ ಬರಲೇಬೇಕಲ್ಲ.

ಆ ಸಾಲಿನಲ್ಲಿ ಅಕ್ಕ ಮೊದಲ ಸಲ ನಿಂತ ದಿನ ತಂಗಿಯೂ ಜೊತೆಗಿದ್ದಳು. ಅಕ್ಕ ಒಂದು ಶಿಶುವಿಹಾರದಲ್ಲಿ ಆಯಾ. ಒಂಬತ್ತು ವರ್ಷದ ಕೆಲಸ, ಒಂಬತ್ತು ವರ್ಷವೂ ಹಂಗಾಮಿ. ಈಗ ಕಾಯಂ ಮಾಡುತ್ತೇವೆ ಎಂದು ಮೇಲಿನಿಂದ ಆದೇಶ ಬಂದಿತ್ತು. ಆದರೆ ಮಕ್ಕಳನ್ನು ಮುಟ್ಟುವ ಪ್ರತಿಯೊಬ್ಬರೂ ತಮ್ಮ ಮೇಲೆ ಯಾವ ಕೇಸೂ ಇಲ್ಲವೆಂದು ಪೊಲೀಸರಿಂದ ಬರೆಸಿಕೊಂಡು ಬರಬೇಕು. ನಲವತ್ತೈದು ದಿನದೊಳಗೆ ಪತ್ರ ಬಂದರೆ ಕಾಯಂ, ಬರದಿದ್ದರೆ ಹಂಗಾಮಿಯೂ ಇಲ್ಲ. ಅಕ್ಕನಿಗೆ ನಲವತ್ತೈದು ದಿನ ಬೇಕಾದಷ್ಟಾಯಿತು ಎನಿಸಿತ್ತು. ಇರುವೆ ಕಂಡರೂ ಬಳಸಿಕೊಂಡು ಹೋಗುವ ಹೆಂಗಸು, ಅವಳ ಮೇಲೆ ಯಾವ ಕೇಸು ಇದ್ದೀತು?

ಅಂದು ನಾಳೆರಾಯ ಅದೇನು ಒಳ್ಳೆಯ ಗಳಿಗೆಯಲ್ಲಿದ್ದನೋ, ಎರಡು ಮಾತು ಹೆಚ್ಚಾಗಿಯೇ ಆಡಿದ.

"ನಾವು ನೋಡೋದು ಎರಡೇ ಅಮ್ಮ. ಹೆಸರು, ಹುಟ್ಟಿದ ದಿನ. ಯಾವ ಹಳೇ ಕೇಸಿಗೂ ತಾಗ್ಲಿಲ್ಲ ಅಂದ್ರೆ ಒಂಬತ್ತು ದಿನಕ್ಕೆ ಪತ್ರ. ತಾಗ್ತು ಅನ್ನಿ, ಆಗ ಹಳೇ ಠಾಣೆಯಿಂದ ಫೈಲು ಬರ್ಬೇಕು, ನಿಮ್ಮ ಬೆರಳಚ್ಚು ತಗೋಬೇಕು, ಎರಡನ್ನೂ ಹೋಲಿಸ್ಬೇಕು. ಅದಕ್ಕೆ ಇಷ್ಟೇ ದಿನ ಅಂತ ಲೆಕ್ಕ ಇಲ್ಲ."

"ನನ್ನ ಹೆಸರಿಗೆ ಏನು ತಾಗುತ್ತೆ ಸಾರ್, ಮಕ್ಕಳ ಸಿಂಬಳ ಬಿಟ್ರೆ," ಎಂದಳು ಅಕ್ಕ. ಸಾಲಿನಲ್ಲಿದ್ದವರು ನಕ್ಕರು. ನಾಳೆರಾಯನೂ ಮುಖ ಸಡಿಲಿಸಿದ. ತಂಗಿ ಮಾತ್ರ ಸಾಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಆರು ವರ್ಷದ ಹಿಂದೆ ತಂಗಿ ಒಂದು ಗಡಿಯಾರದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿ ಊರಿನ ಆ ತುದಿಗೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಕ್ಕನಿಗೆ ಶಿಶುವಿಹಾರದವರು ತಿಂಗಳ ಬಸ್ ಪಾಸು ಮಾಡಿಸಿಕೊಟ್ಟಿದ್ದರು. ಅಕ್ಕ ಅದನ್ನು ತಂಗಿಯ ಕೈಗಿತ್ತು ತಾನು ಎರಡೂ ಹೊತ್ತು ನಡೆದೇ ಹೋಗುತ್ತಿದ್ದಳು. ಇಬ್ಬರದೂ ಒಂದೇ ಮುಖ, ಒಂದೇ ಹಣೆ, ಐದು ವರ್ಷದ ಅಂತರ ಅಷ್ಟು ಚಿಕ್ಕ ಫೋಟೋದಲ್ಲಿ ಯಾರಿಗೆ ಕಾಣಬೇಕು? ಕಂಡಕ್ಟರುಗಳು ಒಂದು ದಿನವೂ ಕೇಳಲಿಲ್ಲ. ಹಾಗೇ ಒಂದು ಸಂಜೆ ತಂಗಿಯ ಕೈಚೀಲದಲ್ಲಿ ಅಂಗಡಿಯ ಮೂರು ಗಡಿಯಾರ ಸಿಕ್ಕಿದವು. ಹುಡುಗಿ ಎಂದಷ್ಟೇ ಕರೆಯುತ್ತಿದ್ದ ಮಾಲೀಕ ಅವಳನ್ನು ಠಾಣೆಗೆ ಒಪ್ಪಿಸಿದ, ಹೆಸರು ಅವನಿಗೂ ಗೊತ್ತಿರಲಿಲ್ಲ. ಠಾಣೆಯ ಬರಹಗಾರ ಚೀಲ ಕೊಡವಿದಾಗ ಪಾಸೂ ಬಿತ್ತು. ಅದರಲ್ಲಿದ್ದ ಹೆಸರು, ಹುಟ್ಟಿದ ದಿನ ನೋಡಿಕೊಂಡು, ಇದು ನೀನೇ ತಾನೇ ಎಂದ. ಹೌದು ಎಂದಳು ತಂಗಿ. ಅಷ್ಟೇ. ಹತ್ತು ಬೆರಳಿಗೂ ಮಸಿ ಹಚ್ಚಿ ಒತ್ತಿಸಿಕೊಂಡರು, ಮರುದಿನ ಕೋರ್ಟಿನಲ್ಲಿ ದಂಡ ಹಾಕಿ ಬಿಟ್ಟರು. ಗೆಳತಿಯ ಮನೆಯಲ್ಲಿ ಮಲಗಿದ್ದೆ ಎಂದು ಅಕ್ಕನಿಗೆ ಹೇಳಿದಳು. ಬೆರಳಿನ ಕಪ್ಪಿಗೆ, ಅಂಗಡಿಯಲ್ಲಿ ಬಾಗಿಲಿಗೆ ಬಣ್ಣ ಹೊಡೆಸಿದ್ದರು ಎಂದಳು. ಅಕ್ಕ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒಂದೊಂದೇ ಬೆರಳನ್ನು ಉಜ್ಜಿ ತೊಳೆದಿದ್ದಳು.

ಇದನ್ನು ತಂಗಿ ಮರೆತಿದ್ದಳು ಎಂದರೆ ಸುಳ್ಳು. ನೆನೆಯದೆ ಇರುವುದನ್ನು ರೂಢಿ ಮಾಡಿಕೊಂಡಿದ್ದಳು. ಈಗ ಮನೆಯಲ್ಲೇ ಕೂತು ದರ್ಜಿಗಳಿಗೆ ಗುಂಡಿ ಹಾಕಿಕೊಡುತ್ತಿದ್ದಳು, ಬೇಕಾದಾಗ ಹಾಕುವುದು, ಬೇಡವಾದಾಗ ಮಲಗುವುದು. ಅಕ್ಕ ಒಂದು ದಿನವೂ ಬಾಯಿ ಬಿಟ್ಟು ಕೇಳಿದವಳಲ್ಲ.

ಒಂಬತ್ತು ದಿನ ಕಳೆಯಿತು, ಹದಿನೈದಾಯಿತು. ಇಪ್ಪತ್ತನೆಯ ದಿನ ಇಬ್ಬರೂ ಮತ್ತೆ ಹೋದರು. ನಾಳೆರಾಯ ಕನ್ನಡಕ ಏರಿಸಿ, ತಾಗಿದೆ ಎಂದ. ಅಕ್ಕ ಮೊದಲು ನಕ್ಕಳು, ಆಮೇಲೆ ಅವನು ನಗದಿದ್ದುದನ್ನು ನೋಡಿ ಕಿಟಕಿಗೆ ಬಾಗಿದಳು. ಕಳ್ಳತನದ ಕೇಸಂತೆ, ಹೆಸರು ಹುಟ್ಟಿದ ದಿನ ಎರಡೂ ಕೂಡಿಬಂದಿದೆಯಂತೆ. ಆ ಠಾಣೆಯ ಹಳೆಯ ಕಟ್ಟಡ ಕೆಡವಿದ್ದಾರೆ, ಕಾಗದಗಳು ಗೋಣಿಚೀಲದಲ್ಲಿ ಬೇರೆ ಕಡೆ ಹೋಗಿವೆ, ಚೀಲ ಇರುವ ಕೋಣೆಯ ಬೀಗದಕೈ ಇರುವವನು ರಜೆಯಲ್ಲಿದ್ದಾನೆ, ಅವನು ಬಂದಮೇಲೆ ಫೈಲು, ಫೈಲು ಬಂದಮೇಲೆ ಬೆರಳಚ್ಚಿಗೆ ಕಾಗದ. ಇಷ್ಟನ್ನೂ ಅವನು ಬಸ್ಸಿನ ವೇಳಾಪಟ್ಟಿ ಓದುವವನ ಹಾಗೆ ಹೇಳಿದ.

"ನಾನಲ್ಲ ಸಾರ್ ಅದು. ಒಂದೇ ಹೆಸರಿನವರು ಎಷ್ಟು ಜನ ಇರಲ್ಲ," ಎಂದಳು ಅಕ್ಕ.

"ಇರಬಹುದು. ಇಲ್ಲಾಂದ್ರೆ ಯಾರೋ ಸಿಕ್ಕಿಬಿದ್ದಾಗ ನಿಮ್ಮ ಹೆಸರು ಹೇಳಿರ್ಬಹುದು. ಅದೂ ಆಗುತ್ತೆ. ಹಾಗಿದ್ರೆ ಬೆರಳು ಇಟ್ಟ ತಕ್ಷಣ ನೀವಲ್ಲ ಅಂತ ಗೊತ್ತಾಗುತ್ತೆ. ಆಮೇಲೆ ಅವರನ್ನ ಹುಡುಕ್ತೀವಿ. ಕದ್ದಿದ್ದಕ್ಕಾದ್ರೆ ದಂಡ, ಇದಕ್ಕೆ ಜೈಲು."

ತಂಗಿ ಅಕ್ಕನ ಹಿಂದೆ ನಿಂತು ಗೋಡೆಯ ಮೇಲಿನ ನೋಟೀಸನ್ನು ಓದುವಂತೆ ನಟಿಸುತ್ತಿದ್ದಳು. ಅಲ್ಲೇ, ಆ ಕಿಟಕಿಯಲ್ಲೇ, ಅದು ನಾನು ಎಂದು ಹೇಳಿಬಿಡಬಹುದಿತ್ತು. ಎರಡೇ ಪದ. ಮನೆಗೆ ಬರುವ ದಾರಿಯುದ್ದಕ್ಕೂ ಆ ಎರಡು ಪದ ಅವಳ ನಾಲಿಗೆಯ ತುದಿಯಲ್ಲೇ ಇದ್ದವು. ಮನೆ ಬಂತು, ಅಕ್ಕ ಅನ್ನಕ್ಕಿಟ್ಟಳು, ತಂಗಿ ಉಂಡಳು.

ಶಿಶುವಿಹಾರದಲ್ಲಿ ಮಾತು ಹೇಗೆ ಹಬ್ಬಿತೋ, ಹಬ್ಬಿತು. ಪೊಲೀಸರ ಹತ್ತಿರ ಅವಳ ಹೆಸರಿದೆಯಂತೆ ಎಂಬುದಕ್ಕೆ ಉಪ್ಪುಖಾರ ಹಚ್ಚುವವರಿಗೇನು ಬರವೇ? ಒಬ್ಬ ತಾಯಿ ಮೂರು ವರ್ಷದಿಂದ ತನ್ನ ಮಗುವನ್ನು ಬಾಗಿಲಲ್ಲೇ ಅಕ್ಕನ ತೋಳಿಗೆ ಕೊಟ್ಟು ಓಡುತ್ತಿದ್ದವಳು, ಒಂದು ಬೆಳಿಗ್ಗೆ ಅಕ್ಕನ ಚಾಚಿದ ಕೈ ತಪ್ಪಿಸಿಕೊಂಡು ಒಳಗೆ ಹೋದಳು. ಮಗು ಹಿಂದೆ ತಿರುಗಿ ಅತ್ತಿತು. ಮೇಲ್ವಿಚಾರಕಿ ಒಳ್ಳೆಯವಳೇ. ಪತ್ರ ಬರುವವರೆಗೆ ಮಕ್ಕಳ ಕೋಣೆ ಬೇಡ, ಪಾತ್ರೆಯ ಕಡೆ ನೋಡಿಕೊ ಎಂದಳು. ಒಂಬತ್ತು ವರ್ಷ ಮಕ್ಕಳನ್ನು ಮಲಗಿಸಿದ ಕೈ ಸೌಟು ಉಜ್ಜುತ್ತ ಆ ಕೋಣೆಯ ಅಳುವಿಗೆ ಕಿವಿಗೊಟ್ಟು ಕೂತಿತು. ಇದನ್ನೆಲ್ಲ ಅಕ್ಕ ರಾತ್ರಿ ಊಟದ ಹೊತ್ತಿಗೆ ಹೇಳುತ್ತಿದ್ದಳು. ತಂಗಿ ಹೂಂಗುಟ್ಟುತ್ತ, ಪಾಪ ಎನ್ನುತ್ತಿದ್ದಳು. ಪಾಪ ಎನ್ನುವಾಗ ಅವಳಿಗೆ ನಿಜವಾಗಿಯೂ ಪಾಪ ಎನಿಸುತ್ತಿತ್ತು, ಅದೇ ಅವಳ ವಿಶೇಷ.

ಮೂವತ್ತೊಂದನೆಯ ದಿನ ಮಧ್ಯಾಹ್ನ ಅಂಚೆಯವನು ಬಾಗಿಲು ತಟ್ಟಿದ. ಅಕ್ಕನ ಹೆಸರಿಗೆ ರಿಜಿಸ್ಟರ್ಡ್ ಕಾಗದ. ಅಕ್ಕ ಕೆಲಸದಲ್ಲಿದ್ದಳು. ನೀವೇನಾ ಎಂದು ಕೇಳಿದ. ಈ ಪ್ರಶ್ನೆ ತಂಗಿಯ ಕಿವಿಗೆ ಹಿಂದೆಯೂ ಬಿದ್ದಿತ್ತು. ಹೌದು ಎಂದಳು, ಗುಲಾಬಿ ಬಣ್ಣದ ಚೀಟಿಯ ಮೇಲೆ ಅಕ್ಕನ ಹೆಸರು ಬರೆದಳು. ಬರೆದು ಮುಗಿಸಿ, ಚಿಕ್ಕಂದಿನಿಂದ ಬಂದ ಅಭ್ಯಾಸದಂತೆ ಕೆಳಗೊಂದು ಓರೆ ಗೆರೆ ಎಳೆದು ಎರಡು ಚುಕ್ಕೆ ಇಟ್ಟಳು. ತಾಯಿ ಹೋದಮೇಲೆ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಅಕ್ಕ. ಆ ಗೆರೆ, ಆ ಚುಕ್ಕೆ ಕಂಡಾಗಲೆಲ್ಲ, ಹೆಸರಿಗೆ ಬಾಲ ಯಾಕೆ ಕಟ್ಟುತ್ತೀ ಎಂದು ಬೈದು ಬೈದು ಸೋತಿದ್ದಳು.

ಹದಿನೈದು ದಿನದೊಳಗೆ ಬೆರಳಚ್ಚು ಕೊಡಲು ಹಾಜರಾಗಬೇಕು, ತಪ್ಪಿದರೆ ಅರ್ಜಿ ಮುಕ್ತಾಯ ಎಂದಿತ್ತು ಕಾಗದದಲ್ಲಿ. ತಂಗಿ ಅದನ್ನು ಎರಡು ಸಲ ಓದಿ ಒಲೆಗೆ ಹಾಕಿದಳು. ಸಂಜೆ ಅಕ್ಕ ಬಂದವಳೇ ಚಪ್ಪಲಿ ಬಿಡುವ ಮುಂಚೆ ಕೇಳಿದಳು, ಏನಾದರೂ ಬಂತಾ? ಏನೂ ಇಲ್ಲ ಎಂದಳು ತಂಗಿ. ಮರುದಿನವೂ ಕೇಳಿದಳು, ಅದರ ಮರುದಿನವೂ. ಒಮ್ಮೆ ಏನೂ ಇಲ್ಲ ಎಂದಮೇಲೆ ಉಳಿದ ಹದಿಮೂರು ಸಲ ಹೇಳುವುದು ನೀರು ಕುಡಿದಷ್ಟು ಸುಲಭವಾಯಿತು. ನಡುವೆ ಅಕ್ಕ ಕಿಟಕಿಗೂ ಹೋಗಿ ಬಂದಳು. ನಾಳೆರಾಯ ಫೈಲು ತೆರೆಯುವ ಗೋಜಿಗೂ ಹೋಗದೆ, ಕಾಗದ ಬರುತ್ತೆ, ಬಂದಮೇಲೆ ಬನ್ನಿ ಎಂದಿದ್ದ.

ನಲವತ್ತೈದನೆಯ ದಿನ ಅಕ್ಕ ಲಾಕರಿನ ಬೀಗದಕೈ ಒಪ್ಪಿಸಿದಳು. ಮೇಲ್ವಿಚಾರಕಿ ಕಣ್ಣಲ್ಲಿ ನೀರು ಹಾಕಿಕೊಂಡು, ಜಾಗ ಖಾಲಿ ಬಿಡುವ ಹಾಗಿಲ್ಲ, ಯಾರಾದರೂ ನಂಬುವಂಥವರಿದ್ದರೆ ಹೇಳು ಎಂದಳಂತೆ. ಅಕ್ಕ ಮನೆಗೆ ಬಂದು ಒಂದು ಲೋಟ ನೀರು ಕುಡಿದು ಹೇಳಿದಳು.

"ನಿನ್ನ ಹೆಸರು ಹೇಳಿ ಬಂದೆ ಕಣೇ. ನನ್ನ ಹೆಸರಿಗಂತೂ ಅದ್ಯಾರದೋ ಕೊಳೆ ಅಂಟ್ಕೊಂಡಿದೆ. ನಿಂದಕ್ಕೇನೂ ಇಲ್ವಲ್ಲ."

ತಂಗಿ ಬೇಡವೆಂದು ಒಂದು ಸಲ ಅಂದಳು. ಒಂದೇ ಸಲ. ಎರಡನೆಯ ಸಲ ಅನ್ನುವಷ್ಟರಲ್ಲಿ ಕಾಯಂ ಕೆಲಸ, ಬಸ್ ಪಾಸು, ಗುಂಡಿ ಹಾಕುವುದು ತಪ್ಪುವುದು ಎಲ್ಲ ಕಣ್ಣ ಮುಂದೆ ಬಂದುಬಿಟ್ಟವು. ಅರ್ಜಿಯನ್ನು ಅಕ್ಕನೇ ಕೂತು ತುಂಬಿದಳು. ಯಾವ ಮಗು ಬೆನ್ನು ತಟ್ಟಿದರೆ ಮಲಗುತ್ತದೆ, ಯಾವುದಕ್ಕೆ ಕಿವಿಯ ಹಿಂದೆ ಸವರಬೇಕು, ಯಾವುದು ಹಾಲು ಬಾಯಲ್ಲಿಟ್ಟುಕೊಂಡು ನಿದ್ದೆ ಹೋಗುತ್ತದೆ ಎಂದು ಸಂಜೆ ಸಂಜೆ ಹೇಳಿಕೊಟ್ಟಳು. ಹೇಳುವಾಗ ಅವಳ ಕೈ ಗಾಳಿಯಲ್ಲೇ ಸವರುತ್ತಿತ್ತು.

ತಂಗಿಯ ಹೆಸರಿಗೆ ಏನೂ ತಾಗಲಿಲ್ಲ. ತಾಗಲು ಅದರಲ್ಲಿ ಏನಿತ್ತು? ಒಂಬತ್ತನೆಯ ದಿನ ಪತ್ರ ತಯಾರಾಯಿತು.

ತರಲು ಇಬ್ಬರೂ ಹೋದರು. ನಾಳೆರಾಯ ಪತ್ರವನ್ನು ಕಿಟಕಿಯಿಂದ ಈಚೆಗೆ ತಳ್ಳಿದ. ನೀಲಿ ಮೊಹರು, ಅಚ್ಚುಕಟ್ಟಾದ ಎರಡು ಸಾಲು, ಇವರ ಮೇಲೆ ಯಾವುದೇ ಪ್ರಕರಣ ಇರುವುದಿಲ್ಲ. ಅಕ್ಕ ಅದನ್ನು ಮಡಿಕೆ ಬೀಳದಂತೆ ಒಂದು ಪುಸ್ತಕದೊಳಗಿಟ್ಟು, ಹಾಗೇ ತಿರುಗಿ ಹೋಗಲಾರದೆ ತನ್ನದೇನಾಯಿತೆಂದು ಕೇಳಿದಳು. ಅವನು ಅಂದು ಮೊದಲ ಸಲ ಫೈಲು ತೆರೆದು ನೋಡಿದ. ಹುಬ್ಬು ಗಂಟಿಕ್ಕಿದ.

"ನಿಮಗೆ ಕಾಗದ ಕಳ್ಸಿದ್ವಲ್ಲ ಅಮ್ಮ. ಬೆರಳು ಕೊಡೋಕೆ ನೀವೇ ಬರ್ಲಿಲ್ಲ. ಅರ್ಜಿ ಮುಗಿದುಹೋಗಿದೆ."

ಯಾವ ಕಾಗದವೂ ಬಂದಿಲ್ಲ ಎಂದಳು ಅಕ್ಕ. ಅವನು ಫೈಲಿನಿಂದ ಗುಲಾಬಿ ಚೀಟಿ ಬಿಡಿಸಿ ಗಾಜಿಗೆ ಒತ್ತಿ ಹಿಡಿದ.

"ಇದು ನಿಮ್ಮ ಸಹಿ ಅಲ್ವಾ ಹಾಗಾದ್ರೆ?"

ಅಕ್ಕ ಬಾಗಿ ನೋಡಿದಳು. ತಂಗಿಗೆ ಅಕ್ಕನ ಮುಖ ಕಾಣುತ್ತಿರಲಿಲ್ಲ, ಕುತ್ತಿಗೆ ಮಾತ್ರ ಕಾಣುತ್ತಿತ್ತು. ಆ ಕುತ್ತಿಗೆ ಅಲುಗಾಡಲಿಲ್ಲ. ಹಿಂದಿನವನು ಬೇಗ ಬೇಗ ಎಂದು ಗೊಣಗಿದ. ಅಕ್ಕನ ತೋರುಬೆರಳು ಗಾಜಿನ ಮೇಲೆ ಹೆಸರಿನ ಕೆಳಗೆ ನಿಧಾನವಾಗಿ ಓರೆಯಾಗಿ ಸರಿಯಿತು, ಕೊನೆಗೆ ಎರಡು ಸಲ ತಟ್ಟಿತು. ಹತ್ತು ಬೆರಳಿನ ಮಸಿ, ಗೆಳತಿಯ ಮನೆ, ಬಾಗಿಲಿನ ಬಣ್ಣ, ಆರು ವರ್ಷದ್ದೆಲ್ಲ ಆ ಎರಡು ತಟ್ಟಿನಲ್ಲಿ ಅವಳಿಗೆ ತಿಳಿದುಹೋಯಿತು ಎಂದು ತಂಗಿಗೂ ತಿಳಿಯಿತು.

"ನಂದೇ," ಎಂದಳು ಅಕ್ಕ. "ಮರ್ತುಬಿಟ್ಟಿದ್ದೆ."

"ಈಗ್ಲೂ ಬೆರಳು ಕೊಡಿ ಬೇಕಾದ್ರೆ, ಹೊಸದಾಗಿ ಅರ್ಜಿ ಹಾಕಿ. ಇಲ್ಲಾಂದ್ರೆ ಆ ಕೇಸು ನಿಮ್ಮ ಹೆಸರಲ್ಲೇ ಉಳಿಯುತ್ತೆ. ನಾಳೆ ಯಾವ ಮನೆಗೆ ಕೆಲಸಕ್ಕೆ ಹೋದ್ರೂ ಇದೇ ಕಥೆ."

"ಉಳೀಲಿ ಬಿಡಿ."

ತಂಗಿಗೆ ಆಗ ಅಳು ಬರಬೇಕಿತ್ತು. ಬಂದದ್ದು ಉಸಿರು, ಎಷ್ಟೋ ದಿನದಿಂದ ಕಟ್ಟಿದ್ದ ಉಸಿರು. ಬದುಕಿದೆ ಎಂದುಕೊಂಡಳು. ಹಾಗಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಅದು ಉಸಿರಿನ ಹಿಂದೆ ಬಂತು, ಮುಂದೆ ಬರಲಿಲ್ಲ.

ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದರು. ತಂಗಿ ಬೈಗುಳಕ್ಕೆ ಕಾದಳು. ಕೆನ್ನೆಗೆ ಎರಡು ಬಿಗಿದಿದ್ದರೂ ಹಗುರವಾಗುತ್ತಿತ್ತು. ಅಕ್ಕ ಅಷ್ಟನ್ನೂ ಕೊಡಲಿಲ್ಲ. ಪುಸ್ತಕದಿಂದ ಪತ್ರ ತೆಗೆದು ಅವಳ ಕೈಯಲ್ಲಿಟ್ಟಳು.

"ಅಲ್ಲಿ ಬಾಗಿಲ ಹತ್ರ ಹಾಜರಿ ಪುಸ್ತಕ ಇರುತ್ತೆ," ಎಂದಳು. "ದಿನಾ ಸಹಿ ಮಾಡ್ಬೇಕು. ನಿನ್ನ ಹೆಸರು ಬರಿ."

"ಅಕ್ಕ."

"ಬಸ್ಸು ಬಂತು, ಹತ್ತು. ನಾನು ನಡ್ಕೊಂಡು ಬರ್ತೀನಿ. ನಂಗೆ ರೂಢಿ ಇದೆ."

ತಂಗಿ ಹತ್ತಿದಳು. ಕಿಟಕಿಯ ಪಕ್ಕದ ಸೀಟು ಖಾಲಿಯಿತ್ತು, ಕೂತಳು. ಜನ ಹತ್ತಿಸಿಕೊಂಡು ಹೊರಟ ಬಸ್ಸು ತಿರುವಿನಲ್ಲಿ ನಿಧಾನವಾಯಿತು. ಪಕ್ಕದ ಕಾಲುದಾರಿಯಲ್ಲಿ ಅಕ್ಕ, ಪಾಸು ತಂಗಿಗೆ ಕೊಟ್ಟು ನಡೆಯುತ್ತಿದ್ದ ಅದೇ ನಡಿಗೆಯಲ್ಲಿ, ತಲೆ ಎತ್ತದೆ ಮುಂದೆ ಹೋಗುತ್ತಿದ್ದಳು. ಬಸ್ಸು ಅವಳ ಪಕ್ಕಕ್ಕೆ ಬರುತ್ತಿದ್ದಂತೆ ತಂಗಿ ಬಗ್ಗಿ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದಳು. ಬಸ್ಸು ದಾಟಿ ಎಷ್ಟೋ ದೂರ ಹೋಗುವವರೆಗೂ ಸರಿಮಾಡುತ್ತಲೇ ಇದ್ದಳು.