ತಾರಸಿಗೆ ತೇಪೆ

ನನ್ನ ಗಂಡನಿಗೆ ತೇಪೆ ಹಾಕುವುದೆಂದರೆ ಪ್ರಾಣ. ಲಾರಿ ಟಾರ್ಪಾಲು ಹೊಲಿಯುವುದು ನಮ್ಮ ಕಸುಬು. ಟಾರ್ಪಾಲು ಎಲ್ಲಿ ಹರಿದರೂ ಹಳೆಯ ತೇಪೆಯನ್ನು ನಾವು ಬಿಚ್ಚುವುದಿಲ್ಲ. ಬಿಚ್ಚಿದರೆ ಸೂಜಿಯ ತೂತುಗಳು ಬಾಯಿ ತೆರೆದು ಇನ್ನಷ್ಟು ಸೋರುತ್ತವೆ. ಅದರ ಮೇಲೆಯೇ ಇನ್ನೂ ದೊಡ್ಡ ತುಂಡಿಟ್ಟು ಹೊಲಿದು, ಮೇಣ ಸವರಿ ಕೊಡುತ್ತೇವೆ. ಈ ಮಹಾನುಭಾವರು ಮನೆಯ ತಾರಸಿಯನ್ನೂ ಟಾರ್ಪಾಲು ಅಂದುಕೊಂಡರು.

ಪ್ರತಿ ವರ್ಷ ಮಳೆಗೆ ಮುಂಚೆ ಒಂದು ತೇಪೆ. ಮೊದಲು ಸಿಮೆಂಟು ಗಾರೆ. ಅದು ಬಿಸಿಲಿಗೆ ಬಿರುಕು ಬಿಟ್ಟಾಗ ಮೇಲೆ ಹೆಂಚಿನ ಬಿಲ್ಲೆ. ಬಿಲ್ಲೆಯ ಸಂದಿಯಲ್ಲಿ ನೀರಿಳಿದಾಗ ಮತ್ತೆ ಗಾರೆ. ಆಮೇಲೆ ಡಾಂಬರಿನ ಹಾಳೆ, ಅದರ ಮೇಲೆ ಮತ್ತೂ ಗಾರೆ. ಹಳೆಯದನ್ನು ಕೆತ್ತಿಸಿ ತೆಗೆಸಿ ಎಂದು ನಾನು ಬಡಕೊಂಡಿದ್ದೇ ಬಂತು. ಒಂದು ಕಾಲಕ್ಕೆ ನನ್ನ ಸೊಂಟದವರೆಗೆ ಬರುತ್ತಿದ್ದ ತಾರಸಿಯ ಅಡ್ಡಗೋಡೆ ಈಗ ತೊಡೆಗೂ ಸರಿಯಾಗಿ ಬರುತ್ತಿರಲಿಲ್ಲ.

"ಏನ್ರೀ, ಈ ವಯಸ್ಸಲ್ಲಿ ನಾನು ಉದ್ದ ಬೆಳೆದ್ನಾ?" ಎಂದು ಕೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಈ ಸಲ ಮಗಳು ಬಸುರಿಯಾಗಿ ಬಂದಳು. ಎರಡು ಸಲ ಕಳೆದುಕೊಂಡವಳು. ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು, ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಕೂಡದು, ಎದ್ದರೆ ಮಗು ಉಳಿಯೋದಿಲ್ಲ. ಬಾಡಿಗೆಗೆ ಗಾಲಿಮಂಚ ತಂದು ಒಳಕೋಣೆಯಲ್ಲಿ ಹಾಕಿದೆವು. ಸೋರುತ್ತಿದ್ದುದೂ ಅದೇ ಕೋಣೆ.

"ನನ್ನ ಮಗಳ ಮೇಲೆ ಒಂದು ಹನಿ ಬೀಳಲಿ ನೋಡೋಣ," ಎಂದು ಇವರು ಮೀಸೆ ತಿರುವಿದರು. ರಬ್ಬರಿನಂಥ ದಪ್ಪ ಬಣ್ಣ ತಂದು ತಾರಸಿಗೆಲ್ಲ ಬಳಿದರು. ಒಣಗಿದ ಮೇಲೆ ನೀರು ಹೋಗುವ ಕೊಳವೆಗಳಿಗೆ ಒದ್ದೆ ಗೋಣಿ ತುರುಕಿ, ತಾರಸಿಯ ತುಂಬ ನೀರು ನಿಲ್ಲಿಸಿದರು. ಹಾಗೆ ನಿಲ್ಲಿಸಿ, ಕೆಳಗಿನಿಂದ ಸೂರು ನೋಡಿ, ಸೋರದಿದ್ದರೆ ಕೆಲಸ ಪಾಸು.

ಒಂದು ಹನಿಯೂ ಬೀಳಲಿಲ್ಲ. ಇವರ ಜಂಭ ನೋಡಬೇಕಿತ್ತು!

"ಆಯ್ತಲ್ಲ, ಇನ್ನು ಗೋಣಿ ಕೀಳ್ರಿ."

"ಇರಲಿ ಬಿಡೇ. ಎಂಥಾ ಸೆಕೆ! ಮೇಲೆ ನೀರಿದ್ರೆ ಮಗಳಿಗೆ ತಣ್ಣಗಿರುತ್ತೆ."

ಅದು ನಿಜವೇ. ಕೋಣೆ ತಣ್ಣಗಾಯಿತು, ಮಗಳು ಚೆನ್ನಾಗಿ ನಿದ್ದೆ ಮಾಡಿದಳು. ನಾನೂ ಸುಮ್ಮನಾದೆ.

ಆಮೇಲೆ ಆ ಕೋಣೆಯ ಬಾಗಿಲು ಬಿಗಿಯಾಯಿತು. ಮೇಲಿನ ಅಂಚು ಚೌಕಟ್ಟಿಗೆ ಉಜ್ಜುತ್ತಿತ್ತು. ಮರ ಉಬ್ಬಿದೆ ಎಂದು ಇವರು ಉಜ್ಜುಗೊರಡು ಹಿಡಿದು ಹೆರೆದರು. ಮಾರನೆಯ ದಿನ ಮತ್ತೆ ಬಿಗಿ, ಮತ್ತೆ ಹೆರೆದರು. ಮಗಳ ಹೊದಿಕೆಯ ಮೇಲೆ ಬಿಳಿ ಪುಡಿ ಬೀಳತೊಡಗಿತು. ಕೊಡವಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ ಪುಡಿ.

"ಅಮ್ಮಾ, ಮೇಲೆ ಯಾರೋ ಹಲ್ಲು ಕಡಿತಿರೋ ಹಾಗಿದೆ," ಅಂದಳು ಮಗಳು.

ನಾನು ಪೊರಕೆಯ ಹಿಡಿಯಿಂದ ಸೂರನ್ನು ಕುಟ್ಟಿ ನೋಡಿದೆ. ಗಟ್ಟಿಯಾಗಿ ಟಣ್ ಅನ್ನಬೇಕಾದ್ದು ಬೊದ್ ಎಂದಿತು. ವರ್ಷಗಟ್ಟಲೆ ಆ ಪದರಗಳು ಕುಡಿದ ನೀರು ಹನಿಹನಿಯಾಗಿ ಕೆಳಗೆ ಬಿದ್ದು ಹೋಗುತ್ತಿತ್ತು. ನಾನು ಬಕೆಟ್ ಇಟ್ಟು ಬೈದುಕೊಳ್ಳುತ್ತಿದ್ದೆ. ಈಗ ಮೇಲೆ ಬಳಿದ ರಬ್ಬರಿನಿಂದಾಗಿ ಆರಲೂ ದಾರಿಯಿಲ್ಲದೆ ಎಲ್ಲ ಒಳಗೇ ಉಳಿದು ತಾರಸಿಯೊಳಗಿನ ಕಬ್ಬಿಣದ ಸರಳು ತಿನ್ನುತ್ತಿತ್ತು. ಅದರ ಮೇಲೆ ಇಷ್ಟೂ ತೇಪೆಗಳ ಭಾರ, ಸಾಲದ್ದಕ್ಕೆ ನಿಂತ ನೀರು. ಬಾಗಿಲು ಉಬ್ಬಿರಲಿಲ್ಲ, ಸೂರು ಇಳಿಯುತ್ತಿತ್ತು.

ಮಗಳ ಸಮೇತ ಮಂಚವನ್ನು ನಡುಮನೆಗೆ ತಳ್ಳಿಕೊಂಡು ಬಂದೆ. ಇವರು ಊಟಕ್ಕೆ ಬಂದವರು ನೋಡಿ ಕೆಂಡವಾದರು.

"ನನ್ನ ಕೈಕೆಲಸದ ಮೇಲೆ ನಂಬಿಕೆ ಇಲ್ವಾ ನಿನಗೆ?"

"ಕೈಕೆಲಸ ಹಾಳಾಗಿ ಹೋಗಲಿ! ಸೂರು ಬೀಳ್ತಾ ಇದೆ, ಕಣ್ಣು ಬಿಟ್ಟು ನೋಡ್ರಿ. ಮೊದಲು ಆ ಗೋಣಿ ಕೀಳ್ರಿ, ಮೋಡ ಬೇರೆ ಕವಿದಿದೆ."

"ಬೀಳುತ್ತಾ? ನಾನೇ ಅಲ್ಲಿ ಮಲಗ್ತೀನಿ. ಬಿದ್ರೆ ನನ್ನ ಮೇಲೆ ಬೀಳಲಿ!" ಎಂದು ಚಾಪೆ ಎತ್ತಿಕೊಂಡು ಒಳಗೆ ಹೋಗಿ, ಭುಜ ಕೊಟ್ಟು ತಳ್ಳಿ ದಢಾರನೆ ಬಾಗಿಲು ಹಾಕಿಕೊಂಡರು. ಮೂಗಿನ ತುದಿಯಲ್ಲೇ ಕೋಪ, ಇಬ್ಬರಿಗೂ. ನಾನು ಹೋಗಿ ಗೋಣಿ ಕಿತ್ತಿದ್ದರೆ ಆಗುತ್ತಿತ್ತು. ಮಾಡಿದವರೇ ಕೀಳಲಿ ಎಂದು ಬಿಂಕದಲ್ಲಿ ಕೂತೆ.

ಮಳೆ ಒಮ್ಮೆಲೇ ಸುರಿಯಿತು, ಎದುರಿನ ಅಂಗಡಿ ಕಾಣದಷ್ಟು. ತುಂಬಿದ ತಾರಸಿಗೆ ಇನ್ನಷ್ಟು ನೀರು. ನಾನು ಓಡಿ ಹೋಗಿ ಒಳಕೋಣೆಯ ಬಾಗಿಲು ಬಡಿದೆ.

"ಏನ್ರೀ, ಸಾಕು ಹಟ, ಹೊರಗೆ ಬನ್ನಿ!"

ಅವರು ಎದ್ದ ಸದ್ದು ಕೇಳಿತು. ಚಿಲಕ ತೆಗೆದರು. ಬಾಗಿಲು ಬರಲಿಲ್ಲ. ಒಳಗಿನಿಂದ ಅವರು ಎಳೆದರು, ಹೊರಗಿನಿಂದ ನಾನು ತಳ್ಳಿದೆ. ಅಲ್ಲಾಡಲಿಲ್ಲ. ಕಿಟಕಿಗೆ ಕಬ್ಬಿಣದ ಕಂಬಿ.

"ಬಿಗಿಯಾಗಿದೆ, ಅಷ್ಟೇ," ಎಂದು ನಕ್ಕರು. "ಇನ್ನೊಂದ್ಸಲ ಹೆರೀಬೇಕು."

ಟಪ್ ಎಂದಿತು ಒಳಗೆ. ಮತ್ತೆ ಟಪ್. ಆಮೇಲೆ ಮೇಲಿನಿಂದ ಮಗಳು ಹೇಳಿದ್ದ ಆ ಹಲ್ಲು ಕಡಿಯುವ ಸದ್ದು, ಈ ಸಲ ಜೋರಾಗಿ. ಇವರ ನಗು ನಿಂತಿತು.

ಆಮೇಲೆ ಬಾಗಿಲಿಗೆ ಬಾಯಿ ತಾಗಿಸಿಯೇ ಇರಬೇಕು, ತುಂಬ ಮೆಲ್ಲಗೆ ಹೇಳಿದರು: "ಕೇಳಿಲ್ಲಿ. ಬಾಗಿಲು ಬಿಡು. ನಡುಮನೆ ಮೇಲೂ ಇದೇ ತಾರಸಿ. ಮಗಳನ್ನ ಆಚೆ ಕರ್ಕೊಂಡು ಹೋಗು."

ಮದುವೆಯಾದ ದಿನದಿಂದ ಅವರ ಪ್ರತಿ ಮಾತಿಗೂ ಎದುರು ಮಾತಾಡಿದವಳು ನಾನು. ಈ ಸಲ ಅವರು ಹೇಳಿದ ಹಾಗೆಯೇ ಮಾಡಿದೆ. ಹಿಡಿ ಬಿಟ್ಟೆ. ಮಂಚ ತಳ್ಳಿದೆ. "ಅಪ್ಪ ಎಲ್ಲಿ? ಅಮ್ಮಾ, ಅಪ್ಪ ಎಲ್ಲಿ?" ಎಂದು ಮಗಳು ಏಳಲು ಹೋದಳು, ಅವಳ ಎದೆಯ ಮೇಲೆ ಒಂದು ಕೈಯಿಟ್ಟು ಒತ್ತಿ ಹಿಡಿದೆ. ಮುಂದಿನ ಗಾಲಿಗಳು ಹೊಸ್ತಿಲಿಗೆ ಸಿಕ್ಕಿಕೊಂಡವು, ಎತ್ತಿ ದಾಟಿಸಿದೆ. ಬೀದಿಯ ಮಳೆ ಇಬ್ಬರ ಮೇಲೂ ಸುರಿಯಿತು.

ಆಗ ಹಿಂದೆ ಸದ್ದಾಯಿತು. ಮಗಳು "ಅಪ್ಪಾ" ಎಂದು ಕಿರುಚಿದಳು. ನಾನು ತಿರುಗಿ ನೋಡಲಿಲ್ಲ, ಮಂಚ ತಳ್ಳುತ್ತಲೇ ಇದ್ದೆ.